ಕಣ್ಣಿಗೆ ಸಿಗದ ಬೆಳಕು

ಫ್ಲ್ಯಾಶ್ ಕಲಿಯಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ಒಂದು ತೆಂಗಿನಕಾಯಿ ತಂದಿಟ್ಟುಕೊಳ್ಳಿ ಎಂದು. ನಾರು ಸುಲಿದು, ಜುಟ್ಟನ್ನೂ ತೆಗೆದ ಕಾಯಿ. ಅದರಲ್ಲಿ ಕೆನ್ನೆಯಂಥ ಉಬ್ಬಿದೆ, ಮೂಗಿನಂಥ ಏಣಿದೆ, ಗುಳಿಬಿದ್ದ ಮೂರು ಕಣ್ಣಿವೆ. ಗಂಟೆಗಟ್ಟಲೆ ಕೂರಿಸಿದರೂ ಅಲುಗುವುದಿಲ್ಲ.

ಸಂಜೆ ಕೋಣೆಯ ದೀಪ ಆರಿಸಿ ಕಾಯನ್ನು ಮೇಜಿನ ಮೇಲಿಡಿ. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಗೇ ಸಿಕ್ಕಿಸಿ ಒಂದು ಚಿತ್ರ ತೆಗೆಯಿರಿ. ಕಂದು ಬಣ್ಣದ ಬಿಲ್ಲೆಯೊಂದು ಬರುತ್ತದೆ. ಈಗ ಫ್ಲ್ಯಾಶನ್ನು ಕಳಚಿ, ರೇಡಿಯೊ ಟ್ರಿಗರ್‌ಗೆ ಜೋಡಿಸಿ, ಎಡಗಡೆ ಎರಡು ಮೊಳ ದೂರಕ್ಕೆ, ಕಾಯಿಗಿಂತ ಒಂದು ಮೊಳ ಎತ್ತರಕ್ಕೆ ಒಯ್ದು ಇನ್ನೊಂದು ಚಿತ್ರ ತೆಗೆಯಿರಿ. ಕಾಯಿ ದುಂಡಗಾಗುತ್ತದೆ. ಅದರ ಮೂರು ಏಣುಗಳು ಎದ್ದು ನಿಲ್ಲುತ್ತವೆ. ಕಣ್ಣಿನ ಗುಳಿಗಳಲ್ಲಿ ನೆರಳು ತುಂಬುತ್ತದೆ, ಉಳಿದ ಒಂದೊಂದು ನಾರೂ ಎಣಿಸಲು ಸಿಗುತ್ತದೆ. ಕಾಯಿ ಅದೇ, ಕ್ಯಾಮೆರಾ ಅದೇ, ಫ್ಲ್ಯಾಶೂ ಅದೇ. ಬೆಳಕು ಬಂದ ದಿಕ್ಕೊಂದು ಬದಲಾಗಿದೆ.

ನನ್ನನ್ನು ಈ ಹವ್ಯಾಸಕ್ಕೆ ಎಳೆದದ್ದು ದೊಡ್ಡಪ್ಪನ ಒಂದು ಚಿತ್ರ. ಮನೆಯ ಗೃಹಪ್ರವೇಶದ ದಿನ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹಾಕಿ ತೆಗೆದದ್ದು. ಐವತ್ತು ವರ್ಷ ಅಡಿಕೆ ತೋಟದಲ್ಲಿ ದುಡಿದ ಮುಖ ಅದು. ಹಣೆಯ ಮೂರು ಗೆರೆ, ಎತ್ತರದ ಕೆನ್ನೆಮೂಳೆ, ಕಣ್ಣಿನ ಅಂಚಿನಲ್ಲಿ ಬಿಸಿಲು ಬರೆದ ಸುಕ್ಕುಗಳು ಯಾವುವೂ ಆ ಚಿತ್ರದಲ್ಲಿ ಇರಲಿಲ್ಲ. ಬಿಳಿ ಅಂಗಿಯ ಮೇಲೆ ಚಪ್ಪಟೆಯಾದ ಒಂದು ಕಪ್ಪು ಆಕಾರವಿತ್ತು. ನನಗೆ ಗೊತ್ತಿದ್ದ ದೊಡ್ಡಪ್ಪ ಎಲ್ಲಿ ಹೋದರು ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಬೆಳಕಿನ ವಿಜ್ಞಾನ.

ಕಿಟಕಿಯ ಬೆಳಕಿನಲ್ಲಿ ಚಿತ್ರ ತೆಗೆಯುವವರಿಗೆ ಒಂದು ಅನುಕೂಲವಿದೆ. ಮುಖದ ಮೇಲೆ ನೆರಳು ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿಕೊಂಡೇ ಬಟನ್ ಒತ್ತಬಹುದು. ಫ್ಲ್ಯಾಶ್‌ನಲ್ಲಿ ಅದಾಗದು. ರೆಪ್ಪೆ ಮುಚ್ಚಿ ತೆರೆಯಲು ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲಾದರೂ ಬೇಕು. ಫ್ಲ್ಯಾಶ್ ಅದಕ್ಕಿಂತ ನೂರು ಪಟ್ಟು ಬೇಗ ಬೆಳಗಿ ಆರಿರುತ್ತದೆ. ಮಿಂಚಿದ್ದು ತಿಳಿಯುತ್ತದೆ, ಆ ಬೆಳಕಿನಲ್ಲಿ ಮುಖ ಹೇಗಿತ್ತು ಎಂಬುದು ತಿಳಿಯುವುದಿಲ್ಲ. ಹಾಗಾಗಿ ಫ್ಲ್ಯಾಶ್ ಕಲಿಯುವವರು ಕಾಣದ ಬೆಳಕಿನ ಬಗ್ಗೆ ಮೊದಲು ಊಹಿಸಬೇಕು, ಆಮೇಲೆ ಒಂದು ಚಿತ್ರ ತೆಗೆದು ಊಹೆಯನ್ನು ಪರೀಕ್ಷಿಸಬೇಕು, ತಪ್ಪಿದ್ದರೆ ತಿದ್ದಬೇಕು. ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಮಾಡುವುದೂ ಇದನ್ನೇ.

ಹುಣ್ಣಿಮೆಯ ಮುಖ, ಅಷ್ಟಮಿಯ ಮುಖ

ದಿಕ್ಕಿನ ಪಾಠವನ್ನು ಆಕಾಶವೇ ಪ್ರತಿ ತಿಂಗಳು ಕಲಿಸುತ್ತದೆ. ಹುಣ್ಣಿಮೆಯ ರಾತ್ರಿ ಬೈನಾಕ್ಯುಲರ್ ಹಿಡಿದು ಚಂದ್ರನನ್ನು ನೋಡಿ. ಹೊಳಪು ಕಣ್ಣು ಕುಕ್ಕುತ್ತದೆ, ಕುಳಿ-ಬೆಟ್ಟಗಳು ಮಾತ್ರ ಅಷ್ಟಾಗಿ ಕಾಣುವುದಿಲ್ಲ. ಅಷ್ಟಮಿಯ ದಿನ ಮತ್ತೆ ನೋಡಿ. ಬೆಳಕೂ ಕತ್ತಲೂ ಕೂಡುವ ಗೆರೆಯ ಉದ್ದಕ್ಕೂ ಕುಳಿಗಳು ಕೆತ್ತಿಟ್ಟ ಹಾಗೆ ಕಾಣುತ್ತವೆ. ಹುಣ್ಣಿಮೆಯಂದು ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ. ನಾವು ನೋಡುವ ದಿಕ್ಕಿನಿಂದಲೇ ಬೆಳಕು ಹೋಗುವುದರಿಂದ ಪ್ರತಿಯೊಂದು ನೆರಳೂ ಅದನ್ನು ಬೀಳಿಸಿದ ಬಂಡೆಯ ಹಿಂದೆಯೇ ಅಡಗಿಬಿಡುತ್ತದೆ. ಅಷ್ಟಮಿಯಂದು ಬೆಳಕು ಪಕ್ಕದಿಂದ ಬರುತ್ತದೆ, ನೆರಳುಗಳು ಹೊರಗೆ ಬರುತ್ತವೆ.

ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ಮುಖಕ್ಕೆ ಹುಣ್ಣಿಮೆ ತರುತ್ತದೆ. ಪಕ್ಕಕ್ಕೆ ಇಳಿಸಿದ ಫ್ಲ್ಯಾಶ್ ಅಷ್ಟಮಿ ತರುತ್ತದೆ. ಫೋಟೊಗೆ ಇರುವುದು ಉದ್ದ ಮತ್ತು ಅಗಲ ಎರಡೇ. ಆಳ ಎಂಬುದನ್ನು ನೋಡುವವರ ಮಿದುಳು ನೆರಳಿನಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಹಾಗೆ ಲೆಕ್ಕ ಹಾಕುವಾಗ ಬೆಳಕು ಮೇಲಿನಿಂದ ಬರುತ್ತಿದೆ ಎಂದು ಅದು ನಂಬಿಕೊಂಡಿರುತ್ತದೆ; ಸೂರ್ಯನ ಕೆಳಗೆ ಬೆಳೆದ ಜೀವಿಗಳಿಗೆ ಅದೇ ಸಹಜ. ಟಾರ್ಚನ್ನು ಗದ್ದದ ಕೆಳಗೆ ಹಿಡಿದಾಗ ಪರಿಚಿತ ಮುಖವೂ ಮಕ್ಕಳನ್ನು ಬೆದರಿಸುವುದು ಈ ನಂಬಿಕೆ ಬುಡಮೇಲಾಗುವುದರಿಂದ.

ಆದ್ದರಿಂದ ಆರಂಭಕ್ಕೆ ಒಂದು ಭದ್ರವಾದ ಜಾಗವಿದೆ: ಮುಖದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ. ಅಲ್ಲಿಂದ ಬೆಳಕು ಬಿದ್ದಾಗ ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟಿ, ಆಚೆ ಕಣ್ಣಿನ ಕೆಳಗೆ ಬೆಳಕಿನ ಒಂದು ಪುಟ್ಟ ತ್ರಿಕೋನ ಉಳಿಯುತ್ತದೆ. ಹದಿನೇಳನೇ ಶತಮಾನದ ಡಚ್ ಚಿತ್ರಕಾರನ ಹೆಸರಿನಲ್ಲಿ ಇದನ್ನು ರೆಂಬ್ರಾಂಟ್ ಬೆಳಕು ಎನ್ನುತ್ತಾರೆ. ಫ್ಲ್ಯಾಶ್ ಹೀಗೆ ಪಕ್ಕಕ್ಕೆ ಹೋದರೆ ಕೆಂಗಣ್ಣಿನ ಕಾಟವೂ ತಪ್ಪುತ್ತದೆ. ಲೆನ್ಸಿನ ಪಕ್ಕದಿಂದಲೇ ಹೊರಟ ಬೆಳಕು ಕಣ್ಣೊಳಗೆ ಹೊಕ್ಕು, ರಕ್ತನಾಳಗಳಿಂದ ತುಂಬಿದ ಹಿಂಗೋಡೆಗೆ ತಾಗಿ, ಬಂದ ದಾರಿಯಲ್ಲೇ ಮರಳುವುದರಿಂದ ಪಾಪೆ ಕೆಂಪಾಗುತ್ತದೆ. ಬೆಳಕು ಬೇರೆ ದಾರಿಯಿಂದ ಬಂದರೆ ಆ ಕೆಂಪು ಲೆನ್ಸಿಗೆ ಸಿಗುವುದಿಲ್ಲ.

ಪೆಟ್ಟಿಗೆಯೊಳಗಿನ ಮಿಂಚು

ಕ್ಷಣಮಾತ್ರದ ಬೆಳಕಿನಿಂದ ಚಲನೆಯನ್ನು ನಿಲ್ಲಿಸಬಹುದೆಂದು ತೋರಿಸಿದವರು ಛಾಯಾಗ್ರಹಣದ ಆದಿಪುರುಷರಲ್ಲಿ ಒಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. 1851ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಟೈಮ್ಸ್ ಪತ್ರಿಕೆಯ ತುಣುಕನ್ನು ತಿರುಗುವ ಚಕ್ರಕ್ಕೆ ಅಂಟಿಸಿ, ಕತ್ತಲಲ್ಲಿ ವಿದ್ಯುತ್ ಕೂಡಿಡುವ ಲೈಡನ್ ಜಾಡಿಗಳ ಕಿಡಿ ಹಾರಿಸಿ ಚಿತ್ರ ತೆಗೆದರು. ಚಕ್ರ ವೇಗವಾಗಿ ತಿರುಗುತ್ತಿದ್ದರೂ ಅಕ್ಷರಗಳು ಓದಲು ಬಂದವು. ಅದರ ನಂತರ ಮೆಗ್ನೀಸಿಯಂ ಪುಡಿ ಸುಡುವ ಕಾಲ ಬಂತು, ಹೊಗೆಯಿಲ್ಲದ ಫ್ಲ್ಯಾಶ್ ಬಲ್ಬುಗಳ ಕಾಲ ಬಂತು. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಮತ್ತೆ ವಿದ್ಯುತ್ ಕಿಡಿಯ ದಾರಿಗೆ ಬಂದು, ಅನಿಲ ತುಂಬಿದ ಗಾಜಿನ ನಳಿಗೆಯ ಫ್ಲ್ಯಾಶನ್ನು ಬಳಕೆಗೆ ತಂದರು. ಹಾಲಿನ ಹನಿ ಬಿದ್ದು ಕಿರೀಟದಂತೆ ಚಿಮ್ಮುವ 1957ರ ಅವರ ಚಿತ್ರವನ್ನು ನೋಡದವರು ಕಡಿಮೆ.

ನಮ್ಮ ಕೈಯಲ್ಲಿರುವ ಪುಟ್ಟ ಫ್ಲ್ಯಾಶ್ ಅದೇ ವಂಶದ್ದು. ಒಳಗೆ ನಾಲ್ಕು ಪೆನ್ಸಿಲ್ ಸೆಲ್ಲುಗಳ ಆರು ವೋಲ್ಟನ್ನು ಒಂದು ಮಂಡಲ ಮುನ್ನೂರು ವೋಲ್ಟಿನ ಆಸುಪಾಸಿಗೆ ಏರಿಸಿ ಕೆಪಾಸಿಟರ್‌ನಲ್ಲಿ ತುಂಬುತ್ತದೆ. ಕೊಡದಲ್ಲಿ ನಿಧಾನವಾಗಿ ನೀರು ತುಂಬಿ ಒಮ್ಮೆಲೇ ಬಗ್ಗಿಸಿದ ಹಾಗೆ. ಮುಂದಿನ ಗಾಜಿನ ನಳಿಗೆಯಲ್ಲಿ ಕ್ಸೆನಾನ್ ಅನಿಲವಿದೆ. ಮಾಮೂಲಾಗಿ ಅದು ವಿದ್ಯುತ್ತನ್ನು ಹರಿಯಬಿಡದು. ನಾವು ಬಟನ್ ಒತ್ತಿದಾಗ ಕೆಲವು ಸಾವಿರ ವೋಲ್ಟಿನ ಒಂದು ಚಿಕ್ಕ ತುಡಿತ ನಳಿಗೆಗೆ ತಾಗಿ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ. ದಾರಿ ತೆರೆಯುತ್ತದೆ, ಕೆಪಾಸಿಟರ್ ಬರಿದಾಗುತ್ತದೆ, ಹಗಲಿನಂಥ ಬಿಳಿ ಬೆಳಕು ಚಿಮ್ಮುತ್ತದೆ. ಕೆಟ್ಟುಹೋದ ಫ್ಲ್ಯಾಶನ್ನು ಕುತೂಹಲಕ್ಕೂ ಬಿಚ್ಚಬಾರದು. ಸೆಲ್ ತೆಗೆದ ಮೇಲೂ ಆ ಕೆಪಾಸಿಟರ್ ಬಲವಾದ ಶಾಕ್ ಕೊಡಬಲ್ಲದು.

ಫ್ಲ್ಯಾಶ್‌ನ ಪವರ್ ಕಡಿಮೆ ಮಾಡಿದಾಗ ಬೆಳಕು ಮಂದವಾಗುತ್ತದೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ನಿಜದಲ್ಲಿ ಅದು ಬೇಗ ಆರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚು ಹರಿವನ್ನು ನಡುವೆಯೇ ಕತ್ತರಿಸುತ್ತದೆ. ಪೂರ್ತಿ ಪವರ್‌ನಲ್ಲಿ ಸೆಕೆಂಡಿನ ಕೆಲವು ನೂರರಲ್ಲಿ ಒಂದು ಪಾಲಿನಿಂದ ಸಾವಿರದಲ್ಲಿ ಒಂದು ಪಾಲಿನವರೆಗೆ ಇರುವ ಬೆಳಗು, 1/128 ಪವರ್‌ಗೆ ಇಳಿಸಿದಾಗ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೂ ಇಳಿಯಬಹುದು. ನಲ್ಲಿಯ ತೊಟ್ಟನ್ನು ನಡುಗಾಳಿಯಲ್ಲಿ ಮುತ್ತಿನ ಹಾಗೆ ನಿಲ್ಲಿಸಬೇಕಾದರೆ ಪವರ್ ಇಳಿಸಬೇಕು ಎಂಬುದರ ಕಾರಣ ಇದೇ.

ಒಂದೇ ಚಿತ್ರದಲ್ಲಿ ಎರಡು ಬೆಳಕು

ಶಟರ್ ಸೆಕೆಂಡಿನ ಅರವತ್ತನೇ ಒಂದು ಪಾಲು ತೆರೆದಿದ್ದರೂ ಇನ್ನೂರನೇ ಒಂದು ಪಾಲು ತೆರೆದಿದ್ದರೂ ಫ್ಲ್ಯಾಶ್ ಅದರೊಳಗೆ ಒಮ್ಮೆ ಮಿಂಚಿ ಮುಗಿಯುತ್ತದೆ. ಅಂದರೆ ಫ್ಲ್ಯಾಶ್ ಕೊಡುವ ಬೆಳಕಿಗೆ ಶಟರ್ ವೇಗದ ಹಂಗಿಲ್ಲ. ಸಂಜೆಯ ಆಕಾಶ, ಗೋಡೆಯ ಬಲ್ಬು ಮುಂತಾದ ಸುತ್ತಲಿನ ಬೆಳಕು ಮಾತ್ರ ಶಟರ್ ತೆರೆದಷ್ಟೂ ಹೊತ್ತು ಸುರಿಯುತ್ತಲೇ ಇರುತ್ತದೆ. ಇಲ್ಲಿ ಹವ್ಯಾಸಿಗೆ ಎರಡು ಹಿಡಿಕೆ ಸಿಗುತ್ತವೆ. ಮುಖದ ಬೆಳಕನ್ನು ಫ್ಲ್ಯಾಶ್‌ನ ಪವರ್‌ನಿಂದ ಹೊಂದಿಸಬಹುದು, ಹಿನ್ನೆಲೆಯ ಬೆಳಕನ್ನು ಶಟರ್‌ನಿಂದ. ಲೆನ್ಸಿನೊಳಗಿನ ಬೆಳಕಿನ ಕಿಂಡಿಯಾದ ಅಪರ್ಚರ್ ಎರಡನ್ನೂ ಒಟ್ಟಿಗೆ ಏರಿಳಿಸುತ್ತದೆ. ಗೋಧೂಳಿಯಲ್ಲಿ ಜಗಲಿಯ ಮೇಲೆ ಕೂತವರ ಮುಖ ಬದಲಾಗದೆ, ಹಿಂದಿನ ಆಕಾಶ ಒಂದು ಚಿತ್ರದಲ್ಲಿ ತಿಳಿನೀಲಿ, ಮುಂದಿನದರಲ್ಲಿ ಕಡುನೀಲಿ ಆಗುವುದನ್ನು ಮೊದಲ ಸಲ ಕಂಡ ಸಂಜೆ ನನಗೆ ಈಗಲೂ ನೆನಪಿದೆ.

ಈ ಆಟಕ್ಕೆ ಒಂದು ಮಿತಿಯಿದೆ. ಹೆಚ್ಚಿನ ಕ್ಯಾಮೆರಾಗಳ ಶಟರ್ ಎರಡು ಪರದೆಗಳ ಜೋಡಿ. ಒಂದು ತೆರೆಯುತ್ತ ಹೋಗುತ್ತದೆ, ಇನ್ನೊಂದು ಹಿಂಬಾಲಿಸಿ ಮುಚ್ಚುತ್ತದೆ. ಸಾಮಾನ್ಯವಾಗಿ 1/200 ಅಥವಾ 1/250 ಸೆಕೆಂಡಿನವರೆಗೆ ಸೆನ್ಸರ್ ಪೂರ್ತಿ ತೆರೆದಿರುವ ಒಂದು ಗಳಿಗೆ ಸಿಗುತ್ತದೆ. ಅದಕ್ಕಿಂತ ವೇಗ ಹೆಚ್ಚಿಸಿದರೆ ಎರಡು ಪರದೆಗಳ ನಡುವಿನ ಸೀಳೊಂದು ಸೆನ್ಸರ್ ಮೇಲೆ ಸರಿದುಹೋಗುತ್ತದೆ. ಫ್ಲ್ಯಾಶ್ ಮಿಂಚಿದಾಗ ಸೀಳಿನಷ್ಟಕ್ಕೆ ಬೆಳಕು ಸಿಕ್ಕಿ, ಉಳಿದ ಭಾಗ ಕಪ್ಪು ಪಟ್ಟಿಯಾಗುತ್ತದೆ.

ದೂರದ ಗಣಿತ

1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ತಮ್ಮ ದೃಗ್ವಿಜ್ಞಾನದ ಗ್ರಂಥದಲ್ಲಿ ಒಂದು ನಿಯಮ ಬರೆದರು: ಬಿಂದುವಿನಿಂದ ಹೊರಟ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಅದೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹರಡಿಕೊಳ್ಳಬೇಕು, ಹಾಗಾಗಿ ಕಾಲು ಪಾಲಾಗುತ್ತದೆ. ಮೂರರಷ್ಟಾದರೆ ಒಂಬತ್ತನೇ ಒಂದು ಪಾಲು.

ಶಾಲೆಯಲ್ಲಿ ಉರುಹೊಡೆದ ಈ ನಿಯಮ ದೊಡ್ಡಪ್ಪನ ಹಿಂದಿನ ಗೋಡೆಯ ಮೇಲೆ ನನಗೆ ಅರ್ಥವಾಯಿತು. ನಮ್ಮ ಪಡಸಾಲೆಯ ಗೋಡೆಗೆ ಸುಣ್ಣ ಬಳಿದಿದೆ. ಫ್ಲ್ಯಾಶನ್ನು ಅವರಿಂದ ಒಂದು ಮೀಟರ್ ದೂರಕ್ಕೆ ತಂದೆ. ಅವರ ಹಿಂದೆ ಎರಡು ಮೀಟರ್ ಆಚೆ ಗೋಡೆ. ಫ್ಲ್ಯಾಶ್‌ನಿಂದ ಗೋಡೆಗೆ ಮೂರು ಮೀಟರ್ ಆಯಿತು. ಮುಖಕ್ಕೆ ಬಿದ್ದದ್ದರ ಒಂಬತ್ತನೇ ಒಂದು ಪಾಲು ಗೋಡೆಗೆ ಬಿದ್ದು, ಬಿಳಿ ಗೋಡೆ ಬೂದು ಬಣ್ಣಕ್ಕಿಳಿಯಿತು. ಆಮೇಲೆ ಫ್ಲ್ಯಾಶನ್ನು ಅವರಿಂದ ಮೂರು ಮೀಟರ್ ಹಿಂದಕ್ಕೆ ಒಯ್ದು ಪವರ್ ಹೆಚ್ಚಿಸಿದೆ. ಈಗ ಗೋಡೆ ಐದು ಮೀಟರ್ ದೂರ. ಮೂರರ ವರ್ಗ ಒಂಬತ್ತು, ಐದರ ವರ್ಗ ಇಪ್ಪತ್ತೈದು. ಮುಖದ ಬೆಳಕಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಗೋಡೆಗೆ ಸಿಕ್ಕಿತು. ಗೋಡೆ ಮತ್ತೆ ಬೆಳ್ಳಗಾಯಿತು. ಬಣ್ಣ ಬಳಿಯದೆ, ಪರದೆ ಕಟ್ಟದೆ ಗೋಡೆಯನ್ನು ಕಪ್ಪು-ಬಿಳುಪು ಮಾಡುವ ಶಕ್ತಿ ಅಳತೆ ಟೇಪಿನಲ್ಲಿದೆ.

ಅಭ್ಯಾಸಕ್ಕೆ ಒಂದು ಸುಲಭ ಸೂತ್ರ ಇಲ್ಲಿದೆ. ಲೆನ್ಸಿನ ಅಪರ್ಚರ್ ಅಂಕಿಗಳನ್ನು ನೆನಪಿಸಿಕೊಳ್ಳಿ: 2, 2.8, 4, 5.6, 8. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಇವೇ ಅಂಕಿಗಳನ್ನು ಅಡಿಗಳೆಂದು ಓದಿ. ಫ್ಲ್ಯಾಶನ್ನು ಮುಖದಿಂದ 4 ಅಡಿಯಿಂದ 5.6 ಅಡಿಗೆ ಸರಿಸಿದರೆ ಬೆಳಕು ಅರ್ಧ; 8 ಅಡಿಗೆ ಸರಿಸಿದರೆ ಅದರ ಅರ್ಧ. ಎರಡೂ ಕಡೆ ನಡೆಯುತ್ತಿರುವುದು ವರ್ಗದ ಲೆಕ್ಕವೇ, ಆದ್ದರಿಂದಲೇ ಈ ಹೊಂದಿಕೆ. ಇದು ಬಾಯಿಗೆ ಬಂದ ಮೇಲೆ ನನಗೆ ಲೈಟ್ ಮೀಟರ್ ಇಲ್ಲದ ಕೊರತೆ ಕಾಣಲಿಲ್ಲ.

ಈ ನಿಯಮ ಸಡಿಲವಾಗುವ ಜಾಗವನ್ನೂ ಗಮನಿಸಬೇಕು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೊವನ್ನು ಸೀಳಿಕೊಂಡು ದಪ್ಪ ಬೆಳಕಿನ ಕೋಲೊಂದು ಇಳಿಯುತ್ತದೆ. ಛಾಯಾಗ್ರಾಹಕ ವಿ. ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಅವರು ಆ ಕೋಲನ್ನು ಒಳಗೆ ತಂದರು. ದೀಪವೊಂದರ ಬೆಳಕು ಹೊರಟಲ್ಲಿಂದಲೇ ಹರಡಿ ತೆಳುವಾಗುತ್ತ ಬರುತ್ತದೆ. ಸೂರ್ಯನಾದರೋ 15 ಕೋಟಿ ಕಿಲೋಮೀಟರ್ ಆಚೆ ಇದ್ದಾನೆ. ಅಷ್ಟು ದೂರ ಬಂದ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ಸ್ಟುಡಿಯೊದ ಇನ್ನೊಂದು ಇಪ್ಪತ್ತು ಮೀಟರ್ ಅವಕ್ಕೆ ಲೆಕ್ಕಕ್ಕೇ ಇಲ್ಲ. ಆ ಕೋಲು ಉದ್ದಕ್ಕೂ ಒಂದೇ ಬಿರುಸಿನಲ್ಲಿ ನಿಂತದ್ದು ಹೀಗೆ.

ಮೃದು ಬೆಳಕಿನ ಗುಟ್ಟು

ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೂ ಮಧ್ಯಾಹ್ನದ ಬಿಸಿಲಲ್ಲಿ ನೆರಳಿನ ಅಂಚು ಚಾಕುವಿನಷ್ಟು ಹರಿತ. ದೂರದಿಂದಾಗಿ ನಮ್ಮ ಕಣ್ಣಿಗೆ ಅವನು ಅರ್ಧ ಡಿಗ್ರಿಯ ಬಿಂದು. ಮೋಡ ಕವಿದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳುಗಳು ಕರಗುತ್ತವೆ. ನೆರಳಿನ ಅಂಚು ಮೆತ್ತಗಾಗುವುದು ದೀಪದ ನಿಜವಾದ ಗಾತ್ರದಿಂದಲ್ಲ, ಮುಖ ಇರುವ ಜಾಗದಿಂದ ನೋಡಿದಾಗ ಅದು ಎಷ್ಟು ಅಗಲ ಕಾಣುತ್ತದೆ ಎಂಬುದರಿಂದ. ಮೂಗಿನ ಮರೆಯಲ್ಲಿರುವ ಕೆನ್ನೆಗೆ ದೀಪದ ಒಂದು ಅಂಚಾದರೂ ಇಣುಕಿದರೆ ಅಲ್ಲಿ ಪೂರ್ತಿ ಕತ್ತಲಾಗದು.

ಬರೀ ಫ್ಲ್ಯಾಶ್‌ನ ಮುಖ ಅಂಗೈಗಿಂತ ಚಿಕ್ಕದು. ಒಂದೂವರೆ ಮೀಟರ್ ದೂರದಿಂದ ಅದು ಮೂರು ಡಿಗ್ರಿಯೂ ಇರದು. ಅದನ್ನೇ ಒಂದು ಮೀಟರ್ ಅಗಲದ ಬಿಳಿ ಛತ್ರಿಯೊಳಗೆ ಹೊಡೆದು, ಛತ್ರಿಯನ್ನು ಮುಖದಿಂದ ಒಂದು ಮೀಟರ್ ದೂರದಲ್ಲಿಟ್ಟರೆ 50 ಡಿಗ್ರಿ ದಾಟುತ್ತದೆ. ಅದೇ ಛತ್ರಿ ನಾಲ್ಕು ಮೀಟರ್ ಆಚೆ ಹೋದರೆ 14 ಡಿಗ್ರಿಗೆ ಇಳಿದು ನೆರಳು ಮತ್ತೆ ಗಡುಸಾಗುತ್ತದೆ. ದುಬಾರಿ ಸಾಫ್ಟ್‌ಬಾಕ್ಸ್ ಕೊಳ್ಳುವ ಮೊದಲು ಇರುವುದನ್ನು ಹತ್ತಿರ ತನ್ನಿ ಎಂದು ನಾನು ಹೇಳುವುದು ಇದಕ್ಕೇ. ನೆರಳಿನ ಬದಿಗೆ ಒಂದು ಥರ್ಮಾಕೋಲ್ ಹಾಳೆ ಹಿಡಿದರೆ, ಸೋರಿಹೋಗುವ ಬೆಳಕು ಅಲ್ಲಿಂದ ಮರಳಿ ಬರುತ್ತದೆ.

ಈ ಉಪಾಯವನ್ನು ಭಾರತದ ಸಿನಿಮಾ ಬಹಳ ಹಿಂದೆಯೇ ಕಂಡುಕೊಂಡಿತ್ತು. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ 1956ರಲ್ಲಿ ತೆರೆಗೆ ಬಂತು. ಅದಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಕೋಲ್ಕತ್ತಾದ ಸ್ಟುಡಿಯೊದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿಸಿ, ಕೆಳಗಿನಿಂದ ಅದಕ್ಕೆ ದೀಪಗಳನ್ನು ಹೊಡೆದರು. ಬಟ್ಟೆಯಿಂದ ಇಳಿದ ಬೆಳಕು ತೊಟ್ಟಿಮನೆಗೆ ಆಕಾಶದಿಂದ ಇಳಿಯುವ ಬೆಳಕಿನಂತೆಯೇ ಇತ್ತು. ನಾವು ಫ್ಲ್ಯಾಶನ್ನು ಬಿಳಿ ತಾರಸಿಗೆ ತಿರುಗಿಸಿ ಹೊಡೆಯುವಾಗಲೆಲ್ಲ ಆ ಬಟ್ಟೆಯನ್ನೇ ಮತ್ತೆ ಬಿಗಿಯುತ್ತಿರುತ್ತೇವೆ.

ಕಪ್ಪು ಮುಖ, ಬಿಳಿ ಅಂಗಿ

ದೊಡ್ಡಪ್ಪನ ಮೊದಲ ಚಿತ್ರ ಕೆಟ್ಟದ್ದಕ್ಕೆ ಇನ್ನೊಂದು ಕಾರಣವಿತ್ತು. ಆಟೊಮ್ಯಾಟಿಕ್ ಫ್ಲ್ಯಾಶ್ ಚಿತ್ರಕ್ಕೆ ಮುಂಚೆ ಒಮ್ಮೆ ಸಣ್ಣಗೆ ಮಿಂಚಿ, ಮರಳಿ ಬಂದ ಬೆಳಕನ್ನು ಅಳೆದು, ಒಟ್ಟು ದೃಶ್ಯ ನಡುಬೂದು ಬಣ್ಣಕ್ಕೆ ಬರುವಂತೆ ಪವರ್ ಹೊಂದಿಸುತ್ತದೆ. ಬಿಳಿ ಅಂಗಿ, ಬಿಳಿ ಪಂಚೆ, ಸುಣ್ಣದ ಗೋಡೆ ಸೇರಿ ಬೆಳಕನ್ನು ವಾಪಸು ಎಸೆದವು. ಬೆಳಕು ಹೆಚ್ಚಾಯಿತೆಂದು ಯಂತ್ರ ಪವರ್ ತಗ್ಗಿಸಿತು, ಮುಖ ಮುಳುಗಿತು. ಮ್ಯಾನುಯಲ್‌ಗೆ ಬಂದು 1/2, 1/4, 1/8 ಎಂದು ನಾವೇ ಆರಿಸಿಕೊಂಡರೆ ಅಂಗಿಯ ಬಣ್ಣ ಮುಖದ ಭವಿಷ್ಯ ಬರೆಯುವುದಿಲ್ಲ.

ಚರ್ಮಕ್ಕೆ ಬಿದ್ದ ಬೆಳಕು ಎರಡು ದಾರಿಯಲ್ಲಿ ಮರಳುತ್ತದೆ. ನೂರರಲ್ಲಿ ಸುಮಾರು ಮೂರು ಪಾಲು ಮೇಲ್ಮೈಯಿಂದಲೇ, ನೀರಿನ ಮೇಲಿನ ಹೊಳಪಿನಂತೆ ಪುಟಿಯುತ್ತದೆ. ಉಳಿದದ್ದು ಒಳಗಿಳಿದು, ಚೆದುರಿ, ಒಂದಷ್ಟು ಹೊರಗೆ ಬರುತ್ತದೆ. ಒಳಗಿಳಿದದ್ದನ್ನು ಹೀರುವುದು ಮೆಲನಿನ್. ಚರ್ಮ ಕಪ್ಪಾದಷ್ಟೂ ಒಳಗಿನಿಂದ ಮರಳುವ ಬೆಳಕು ಕಡಿಮೆ, ಮೇಲ್ಮೈಯ ಹೊಳಪು ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಕಪ್ಪು ಮುಖದ ಆಕಾರವನ್ನು ಬಹುಪಾಲು ಹೇಳುವುದು ಹೊಳಪು. ಚಿಕ್ಕ ದೀಪ ಇಟ್ಟರೆ ಹಣೆಯ ಮೇಲೆ ಚುಕ್ಕಿ ಬೀಳುತ್ತದೆ. ಅಗಲವಾದ ಛತ್ರಿಯನ್ನು ಪಕ್ಕಕ್ಕಿಟ್ಟರೆ ಅದೇ ಹೊಳಪು ಕೆನ್ನೆಮೂಳೆಯ ಉದ್ದಕ್ಕೂ ರೇಷ್ಮೆಯ ಅಂಚಿನಂತೆ ಹರಿಯುತ್ತದೆ. ನಮ್ಮ ಊರುಗಳಲ್ಲಿ ಮುಖಗಳನ್ನು ‘ಬೆಳ್ಳಗೆ ಬರುವ ಹಾಗೆ’ ತೆಗೆಯುವ ಚಾಳಿ ಬಹಳ ಹಳೆಯದು. ಮುಖಕ್ಕೆ ಬಿಳುಪು ಬೇಕಾಗಿಲ್ಲ, ಸರಿಯಾದ ಕಡೆ ಹೊಳಪು ಬೇಕು. ಇದನ್ನು ನಾನು ಖಂಡಿತವಾಗಿ ನಂಬುತ್ತೇನೆ.

ಕಣ್ಣೊಳಗಿನ ಸಾಕ್ಷಿ

ಕಳೆದ ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪನನ್ನು ಮತ್ತೆ ಅದೇ ಪಡಸಾಲೆಯಲ್ಲಿ ಕೂರಿಸಿದೆ. ಮಗಳು ಛತ್ರಿ ಹಿಡಿದು ಎಡಕ್ಕೆ ನಿಂತಳು.

“ಪುಟ್ಟಾ, ಇನ್ನೂ ಒಂದು ಅಡಿ ಹತ್ತಿರ ಬಾ. ದೊಡ್ಡಪ್ಪ, ಸ್ವಲ್ಪ ಗದ್ದ ಎತ್ತಿ.”

“ಎಷ್ಟು ಸಲ ಮಿಂಚಿಸ್ತೀಯೋ, ಸಾಕಾಗಲಿಲ್ವಾ?”

“ಇನ್ನೊಂದೇ ಒಂದು.”

ಐದಾರು ಚಿತ್ರ ಹಿಡಿಯಿತು. ಮೊದಲನೆಯದರಲ್ಲಿ ಕಣ್ಣಿನ ಗುಳಿ ಕತ್ತಲಾಗಿತ್ತು, ಛತ್ರಿ ಇಳಿಸಿದೆವು. ಎರಡನೆಯದರಲ್ಲಿ ಅಂಗಿ ಮುಖಕ್ಕಿಂತ ಮುಂದಾಗಿತ್ತು. ಛತ್ರಿಯನ್ನು ತುಸು ಮೇಲಕ್ಕೆ ತಿರುಗಿಸಿ, ಅಂಚಿನ ಬೆಳಕಷ್ಟೇ ಅಂಗಿಗೆ ಬೀಳುವ ಹಾಗೆ ಮಾಡಿದೆವು. ಕೊನೆಯದರಲ್ಲಿ ಹಣೆಯ ಮೂರು ಗೆರೆಗಳೂ ಬಂದವು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಅಪ್ಪಯ್ಯನ ಹಾಗೇ ಕಾಣ್ತೀನಲ್ಲೋ” ಎಂದರು. ಅವರ ಅಪ್ಪಯ್ಯನ ಒಂದು ಚಿತ್ರವೂ ನಮ್ಮಲ್ಲಿಲ್ಲ.

ಆ ಚಿತ್ರವನ್ನು ರಾತ್ರಿ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ಅವರ ಎರಡು ಕಣ್ಣುಗಳಲ್ಲೂ ಪುಟ್ಟ ಬಿಳಿ ಛತ್ರಿ ಇತ್ತು. ಅದರ ಕಡ್ಡಿಗಳು ಕಾಣುತ್ತಿದ್ದವು, ಪಕ್ಕದಲ್ಲಿ ಅದನ್ನು ಹಿಡಿದ ಕೈಯ ನೆರಳೂ ಇತ್ತು. ಕಣ್ಣಿನ ಕಾರ್ನಿಯಾ ಒಂದು ಉಬ್ಬುಗನ್ನಡಿ. ಎದುರಿಗಿದ್ದುದೆಲ್ಲ ಅದರಲ್ಲಿ ಚಿಕ್ಕದಾಗಿ ಮೂಡುತ್ತದೆ. ನನಗಾಗಲಿ ಮಗಳಿಗಾಗಲಿ ನೋಡಲು ಸಿಗದೆ ಆರಿಹೋದ ಬೆಳಕನ್ನು ದೊಡ್ಡಪ್ಪನ ಕಣ್ಣು ಹಿಡಿದಿಟ್ಟಿತ್ತು.

ನಿಮ್ಮ ಮನೆಯ ಹಳೆಯ ಆಲ್ಬಮ್ ತೆರೆದು ಒಂದು ಭೂತಗನ್ನಡಿ ಹಿಡಿಯಿರಿ. ಕಣ್ಣಿನ ನಟ್ಟನಡುವೆ ಒಂದೇ ಚುಕ್ಕಿ ಇದ್ದರೆ ಬೆಳಕು ಕ್ಯಾಮೆರಾದ ಮೇಲಿಂದ ಬಂದದ್ದು. ಬದಿಯಲ್ಲಿ ಚೌಕವಿದ್ದರೆ ಕಿಟಕಿ, ಮೇಲೆ ದುಂಡಗಿದ್ದರೆ ಸ್ಟುಡಿಯೊದ ಛತ್ರಿ ಇರಬಹುದು. ಎಷ್ಟು ಪಕ್ಕಕ್ಕೆ, ಎಷ್ಟು ಮೇಲೆ, ಎಷ್ಟು ಅಗಲ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ. ಮೇಜಿನ ಮೇಲಿನ ತೆಂಗಿನಕಾಯಿಗೆ ಅದೇ ಜಾಗದಲ್ಲಿ ಫ್ಲ್ಯಾಶ್ ಇಟ್ಟು ಇವತ್ತು ಸಂಜೆಯೇ ಪರೀಕ್ಷಿಸಿ ನೋಡಬಹುದು.